ಗೋಣಿ ಕ್ಲಾಸಿಗೆ ಹಾಸಿದ ಜಮಖಾನ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದೇ ಬರೆಯುತ್ತಿದ್ದೇನೆ, ಯಾರೂ ಬಿಡಿಸಲಿಲ್ಲ. ಹತ್ತನೆಯ ಇಯತ್ತೆ ಫೇಲಾದವರು ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂಡಬಹುದಿತ್ತು. ನಾನು ಕೂಡಲಿಲ್ಲ. ರಿಸಲ್ಟು ಬಂದ ಮರುವಾರವೇ ರಾಯಚೂರಿಗೆ ಹೋಗಿ ಒಬ್ಬ ಗೌಂಡಿಯ ಕೈಕೆಳಗೆ ಗಾರೆ ಕಲಸಲು ನಿಂತೆ. ಅಂದಿನಿಂದ ಇಂದಿನವರೆಗೆ ಯಾರ ಮುಂದೆಯೂ ಕೈ ಚಾಚಿದವನಲ್ಲ. ನಾನು ಕಟ್ಟಿದ ಗೋಡೆಗೆ ನೇರ ನೋಡುವ ಗುಂಡು ಇಳಿಬಿಟ್ಟು ನೋಡಿದವರು ಕೂದಲೆಳೆಯಷ್ಟೂ ತಪ್ಪು ತೋರಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಹೆಮ್ಮೆ ಪಡುವಂಥದ್ದು ಕಡಿಮೆ.

ಹೋದ ವರ್ಷ ನಾನು ಓದಿದ ಹೈಸ್ಕೂಲಿನಲ್ಲಿ ಹೊಸ ಕೋಣೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ದೇವದುರ್ಗದಿಂದ ಮಸರಕಲ್ ಕಡೆಗೆ ಹೋಗುವ ಹಾದಿ ಬಿಟ್ಟು ಸ್ವಲ್ಪ ಒಳಗಿರುವ ಊರು ನಮ್ಮದು. ಸ್ಲ್ಯಾಬ್ ಹಾಕಿ ಮೂರನೆಯ ದಿನ. ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುತ್ತಿದ್ದೆ. ಬಿಸಿಲೇರಿದಂತೆ ತೊಯ್ದ ಗೋಣಿಯ ವಾಸನೆ ಎದ್ದಿತು. ನಲವತ್ತು ವರ್ಷದಿಂದ ನನ್ನ ಮೂಗಿಗೆ ಬಡಿದ ವಾಸನೆಯೇ ಅದು, ಎಂದೂ ಏನೂ ಆಗಿರಲಿಲ್ಲ. ಆದರೆ ಆ ಅಂಗಳದ ಬೇವಿನ ಟೊಂಗೆಯ ಸಮಕ್ಕೆ ನಿಂತು ಉಸಿರೆಳೆದಾಗ ನೀರಿನ ಪೈಪು ಕೈಯಿಂದ ಜಾರಿತು. ಕೆಳಗಿಳಿದು ಹೆಡ್ ಮೇಡಮ್ಮರನ್ನು ಈ ಕೋಣೆ ಯಾವುದಕ್ಕೆ ಎಂದು ಕೇಳಿದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಬೇರೆ ಪಾಠ ನಡೆಸಲು ಸರ್ಕಾರ ಕೊಟ್ಟದ್ದು ಎಂದರು. ಮತ್ತೇನೂ ಕೇಳದೆ ಮೇಲೆ ಹತ್ತಿದೆ.

ನಾವೂ ಹಾಗೆ ಹಿಂದೆ ಬಿದ್ದವರೇ. ಎಪ್ಪತ್ತೆಂಟರ ದಸರಾ ರಜೆ ಮುಗಿದ ಮೇಲೆ, ಪ್ರಾರ್ಥನೆಯ ಹೊತ್ತಿಗೆ, ಹೆಡ್‌ಮಾಸ್ತರರು ಕಾಗದ ಹಿಡಿದು ಹತ್ತೊಂಬತ್ತು ಹೆಸರು ಓದಿದರು. ಮೂರು ವಿಷಯದಲ್ಲಿ ಫೇಲಾದವರ ಪಟ್ಟಿ ಅದು. ಬಡ ಊರುಗಳ ಶಾಲೆಗಳಿಗೆ ಸರ್ಕಾರ ವಿಶೇಷ ತರಗತಿ ಮಂಜೂರು ಮಾಡಿದೆ, ದಿನಾ ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಅದಕ್ಕೆಂದೇ ಒಬ್ಬ ಮಾಸ್ತರರು ಬರುತ್ತಾರೆ, ತಲಾ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಪುಕ್ಕಟೆ ಎಂದರು. ಮೊದಲ ಹೆಸರೇ ನನ್ನದು, ಭೀಮಣ್ಣ. ಎಲ್ಲರೂ ತಿರುಗಿ ನೋಡಿದರು. ನಮ್ಮ ಕೇರಿಯಿಂದ ಹತ್ತನೆಯ ಇಯತ್ತೆಯವರೆಗೆ ಬಂದವರು ಇಬ್ಬರೇ, ನಾನು ಮತ್ತು ಎರಡು ಮನೆಯಾಚೆಯ ಹುಲಿಗೆಮ್ಮ. ಇಬ್ಬರ ಹೆಸರೂ ಪಟ್ಟಿಯಲ್ಲಿತ್ತು.

ಶಾಲೆಯ ಹಿಂದೆ ಮುರುಕು ಬೆಂಚು ಒಟ್ಟಿದ್ದ ಒಂದು ಕೋಣೆಯನ್ನು ನಮಗೆ ಕೊಟ್ಟರು. ನೆಲ ಮಣ್ಣಿನದು. ಧೂಳು ಏಳಬಾರದೆಂದು ನೀರು ಚಿಮುಕಿಸಿ, ಅದರ ಮೇಲೆ ಗೋಣಿಚೀಲ ಹಾಸಿ ಕೂಡುತ್ತಿದ್ದೆವು. ಚಳಿಗಾಲ. ಹೊಲದಲ್ಲಿ ಹತ್ತಿ, ತೊಗರಿ ಎಲ್ಲ ಮಂಜಿಗೆ ತೊಯ್ದು ನಿಂತಿರುತ್ತಿತ್ತು, ನಮ್ಮ ಗೋಣಿಯೂ ಕೆಳಗಿನ ತಂಪು ಹೀರಿ ಹಸಿಯಾಗುತ್ತಿತ್ತು. ಉಳಿದವರು ಶಾಲೆಗೆ ಬರುವ ಹೊತ್ತಿಗೆ ನಾವು ಎದ್ದು ಚೀಲ ಝಾಡಿಸುತ್ತಿದ್ದೆವು. ಅದಕ್ಕೇ ಅವರು ಗೋಣಿ ಕ್ಲಾಸು ಎಂದು ಹೆಸರಿಟ್ಟರು. ಚಡ್ಡಿಯ ಹಿಂದೆ, ತೊಡೆಯ ಮೇಲೆ ಗೋಣಿಯ ಗೆರೆ ಮೂಡಿರುತ್ತಿತ್ತು. ನಾನು ಬೇವಿನ ಮರದ ಹಿಂದೆ ಹೋಗಿ ಆ ಗೆರೆ ಅಳಿಯುವ ತನಕ ತಿಕ್ಕಿಕೊಂಡು ಆಮೇಲೆ ಹತ್ತನೆಯ ಕ್ಲಾಸಿಗೆ ಹೋಗುತ್ತಿದ್ದೆ.

ಬಂದ ಮಾಸ್ತರರು ಮಾನ್ವಿ ಕಡೆಯವರು, ಹನುಮಂತರಾಯ ಎಂದು ಹೆಸರು. ತೆಳ್ಳಗಿನ ಮನುಷ್ಯ, ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಂಡೇ ಪಾಠ ಮಾಡುತ್ತಿದ್ದರು. ಮೊದಲ ದಿನ ನಾಲ್ಕನೆಯ ಇಯತ್ತೆಯ ಭಾಗಾಕಾರ ಕೊಟ್ಟರು. ಹತ್ತೊಂಬತ್ತು ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಬಯ್ಯುತ್ತಾರೆ ಎಂದು ಕಾದೆವು. ಅವರು ಬೋರ್ಡು ಒರೆಸಿ ಎರಡರ ಮಗ್ಗಿಯಿಂದ ಶುರು ಮಾಡಿದರು.

ನನ್ನ ರೋಗ ಇಂಗ್ಲಿಷಿನದು. ಯಾರಾದರೂ ಎರಡು ಸಲ ಓದಿದರೆ ಸಾಕು, ಪಾಠವನ್ನು ಪೂರಾ ಬಾಯಿಪಾಠ ಮಾಡಿ ಪುಸ್ತಕ ಹಿಡಿದು ಓದುವಂತೆ ಒಪ್ಪಿಸುತ್ತಿದ್ದೆ. ಐದು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಹನುಮಂತರಾಯ ಮಾಸ್ತರರು ಬಳಿಗೆ ಬಂದು ಪುಟದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ನಾನು ಪಾಠದ ಮೊದಲ ಸಾಲಿನಿಂದ ಒಪ್ಪಿಸತೊಡಗಿದೆ. ಅವರು ಯಾರಿಗೂ ಕೇಳದ ಹಾಗೆ ಬಗ್ಗಿ ಹೇಳಿದರು:

"ಬಾಯಿಪಾಠ ಚೊಲೊ ಮಾಡೀಯಪಾ. ಇನ್ನ ಓದೂದು ಕಲಿಯೂಣು."

ಹುಲಿಗೆಮ್ಮನಿಗೆ ಬೋರ್ಡಿನ ಮೇಲಿನ ಲೆಕ್ಕ ಎಂದರೆ ಕಣ್ಣೀರು. ಅವಳ ಮುಂದೆ ಹದಿನೆಂಟನ್ನು ಒಂದೂವರೆಯಿಂದ ಭಾಗಿಸು ಎಂದು ಬರೆದರೆ ಸೀಮೆಸುಣ್ಣ ಹಿಡಿದು ನಿಂತೇ ಬಿಡುತ್ತಿದ್ದಳು. ಒಂದು ದಿನ ಮಾಸ್ತರರು ಬೋರ್ಡಿಗೆ ಬೆನ್ನು ಮಾಡಿ, ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೇಳಿದರು. ತಾನೇ ಎಂದಳು. ಒಬ್ಬೊಬ್ಬರಿಗೆ ಒಂದೂವರೆ ರೊಟ್ಟಿ ಹಾಕಿದರೆ ಹದಿನೆಂಟು ರೊಟ್ಟಿ ಎಷ್ಟು ಮಂದಿಗೆ ಆಗುತ್ತದೆ ಎಂದರು. ಹನ್ನೆರಡು ಮಂದಿಗೆ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಹೇಳಿದಳು.

"ಮತ್ತ ಅದ ಲೆಕ್ಕ ಬರದ್ರ ಯಾಕ ಅಳತಿಯವ್ವಾ?" ಎಂದರು ಮಾಸ್ತರರು.

ಅವತ್ತಿನಿಂದ ಅವಳು ಅಳಲಿಲ್ಲ. ಸಂಕ್ರಾಂತಿ ಬರುವ ಹೊತ್ತಿಗೆ ಉಳಿದ ವಿಷಯಗಳಲ್ಲಿ ದಾಟಿಕೊಂಡಿದ್ದಳು. ಗಣಿತದಲ್ಲಿ ಇನ್ನೂ ನಾಲ್ಕು ಪಾಠ ಬಾಕಿ ಇದ್ದವು, ಅವಷ್ಟೂ ದೊಡ್ಡವು. ಅವಳಿಗೆ ಅವಸರವಿತ್ತು. ಅವಳಪ್ಪ ದುರ್ಗಪ್ಪ ಕಲ್ಲು ಒಡೆಯುವವನು, ಮಾತು ಕಡಿಮೆ, ಆಡಿದ ಮಾತಿಗೆ ತಪ್ಪುವವನಲ್ಲ. ಪಾಸಾದರೆ ರಾಯಚೂರಿನಲ್ಲಿ ನರ್ಸ್ ಕಲಿಯಲು ಕಳಿಸುತ್ತೇನೆ, ಫೇಲಾದರೆ ಬಂದ ಗಂಡಿಗೆ ಕೊಡುತ್ತೇನೆ ಎಂದು ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿದ್ದ. ಅವಳವ್ವ ಗೂಗಲ್ ಎಂಬ ಊರಿನ ಗುಡಿಗೆ ಹೋಗಿ ಅಲ್ಲಮಪ್ರಭುವಿಗೆ ಕಾಯಿ ಒಡೆಸಿ ಬಂದಿದ್ದಳು.

ಸಂಕ್ರಾಂತಿ ಆದ ವಾರ ಸುದ್ದಿ ಬಂತು. ಗುರುವಾರ ರಾಯಚೂರಿನಿಂದ ಸಾಹೇಬರು ಬರುತ್ತಾರೆ, ವಿಶೇಷ ತರಗತಿ ನೋಡುತ್ತಾರೆ. ಮಾಸ್ತರರು ನಮ್ಮನ್ನು ಕೂಡಿಸಿ ಒಂದೇ ಮಾತು ಹೇಳಿದರು.

"ಬರಲಾರದ್ದನ್ನ ಬರಲ್ಲ ಅಂತ ಹೇಳ್ರಿ. ಅವ್ರು ಅದನ್ನ ನೋಡಾಕ ಬರಾಕತ್ತಾರ."

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಹೇಳಬೇಕಾದರೆ ನಮ್ಮ ಕೇರಿಯ ಜಮಖಾನದ ವಿಷಯ ಹೇಳಬೇಕು. ಇಡೀ ಕೇರಿಗೆ ಒಂದೇ ಜಮಖಾನ ಇತ್ತು, ಕೆಂಪು ನೀಲಿ ಪಟ್ಟಿಯದು, ದುರ್ಗಪ್ಪನ ಮನೆಯದು. ಯಾರ ಮನೆಗೆ ಹೆಣ್ಣು ನೋಡಲು ಬೀಗರು ಬಂದರೂ ಅದನ್ನೇ ಒಯ್ದು ಹಾಸುತ್ತಿದ್ದರು. ಹಿತ್ತಾಳೆ ತಂಬಿಗೆ ಒಂದು ಮನೆಯದು, ಚಹಾದ ಕಪ್ಪು ಬಸಿ ಇನ್ನೊಂದು ಮನೆಯದು, ಹುಡುಗಿ ಉಟ್ಟ ಸೀರೆ ಮತ್ತೊಂದು ಮನೆಯದು. ಬಂದವರ ಮನೆಯಲ್ಲೂ ಹಾಗೇ ಎಂದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ. ಮನೆಗೆ ಬಂದವರ ಮುಂದೆ ಇದ್ದದ್ದರಲ್ಲಿ ಚಲೋದನ್ನು ಇಡುವುದು ಮರ್ಯಾದೆ. ನನ್ನ ಅಕ್ಕನ ಲಗ್ನ ಆ ಜಮಖಾನದ ಮೇಲೆಯೇ ಕುದುರಿತ್ತು. ಅಂಥದ್ದರಲ್ಲಿ ರಾಯಚೂರಿನ ಸಾಹೇಬರು ಜೀಪಿನಲ್ಲಿ ಬಂದರೆ ಗೋಣಿಚೀಲದ ಮೇಲೆ ದಡ್ಡರನ್ನು ಕೂಡಿಸಿ ತೋರಿಸುವುದೇ? ಮಾಸ್ತರರು ಪರ ಊರಿನವರು, ಸಂಕೋಚಕ್ಕೆ ಹಾಗೆಂದರು, ಮರ್ಯಾದೆ ಉಳಿಸುವುದು ನಮ್ಮ ಕೆಲಸ ಎಂದುಕೊಂಡೆ. ಗೋಣಿ ಕ್ಲಾಸಿಗೆ ಮಾನಿಟರ್ ಬೇರೆ ನಾನು.

ಬಳೆ ವ್ಯಾಪಾರದ ಮನೆಯ ಖಾಜಾ ನಮ್ಮ ಇಯತ್ತೆಗೇ ಮೊದಲ ನಂಬರು, ನನ್ನ ದೋಸ್ತ. ಅವನಿಗೆ ನನ್ನ ಯೋಜನೆ ಹೇಳಿದೆ. ಗೋಣಿ ಕ್ಲಾಸಿನಲ್ಲಿ ಏನೂ ಬಾರದ ಒಂಬತ್ತು ಮಂದಿಯನ್ನು ಹಿಂದೆ ಕಳಿಸುವುದು, ಅವರ ಜಾಗಕ್ಕೆ ಒಂಬತ್ತು ಹುಷಾರಿ ಹುಡುಗ ಹುಡುಗಿಯರನ್ನು ಕೂಡಿಸುವುದು. ಖಾಜಾ ಹೊಟ್ಟೆ ಹಿಡಿದು ನಕ್ಕ.

"ಅರೇ ಭೀಮ್ಯಾ, ನಮ್ಮ ಮೊಹಲ್ಲಾದಾಗ ಬೀಮಾರ್ ಆದವ್ನು ದವಾಖಾನಿಗೆ ಹೋಗ್ತಾನ. ನೀನು ಪೈಲ್ವಾನನ್ನ ಕರ್ಕೊಂಡು ಹೊಂಟಿಯಲ್ಲೋ."

ನಕ್ಕರೂ ಬರಲು ಒಪ್ಪಿದ. ಉಳಿದವರನ್ನು ಅವನೇ ಒಪ್ಪಿಸಿದ. ಎಲ್ಲರಿಗೂ ಅದೊಂದು ಆಟ.

ಗುರುವಾರ ಬೆಳಿಗ್ಗೆ ಮಾಸ್ತರರು ಸಾಹೇಬರನ್ನು ಎದುರುಗೊಳ್ಳಲು ಡಾಂಬರು ರಸ್ತೆಯವರೆಗೆ ಹೋಗಿದ್ದರು. ಹುಲಿಗೆಮ್ಮ ಮನೆಯಿಂದ ಜಮಖಾನ ತಲೆಯ ಮೇಲೆ ಹೊತ್ತು ತಂದಳು. ನಾನೇ ತರಲು ಹೇಳಿದ್ದೆ. ಗೋಣಿಯನ್ನೆಲ್ಲ ಸುತ್ತಿ ಮೂಲೆಗಿಟ್ಟು ಅವಳೇ ಸುಕ್ಕಿಲ್ಲದ ಹಾಗೆ ಹಾಸಿದಳು. ಹಾಸಿ ಮುಗಿದ ಮೇಲೆ, ನೀನೂ ಗೋಡೆಯ ಹಿಂದೆ ಹೋಗು ಎಂದೆ. ಅವಳು ನಂಬಲಿಲ್ಲ. ಗಣಿತ ಕೇಳಿದರೆ ಬೋರ್ಡಿನ ಮುಂದೆ ತಡವರಿಸುತ್ತೀ, ಎಲ್ಲರ ಮರ್ಯಾದೆ ಹೋಗುತ್ತದೆ ಎಂದೆ. ಅವಳು ಜಮಖಾನದ ಅಂಚನ್ನು ಕಾಲಿನಿಂದ ಸರಿಮಾಡುತ್ತ ಕೇಳಿದಳು:

"ನಾವು ಇಲ್ಲಂದ್ರ ಸಾಹೇಬ್ರು ಯಾರನ್ನ ನೋಡಾಕ ಬರಾಕತ್ತಾರ, ಭೀಮಣ್ಣ?"

ಜೀಪಿನ ಸದ್ದು ಕೇಳಿತು. ನಾನು ಬಾಗಿಲ ಕಡೆ ಕೈ ತೋರಿಸಿದೆ. ಅವಳು ಉಳಿದ ಎಂಟು ಮಂದಿಯ ಜೊತೆ ಕೋಣೆಯ ಹಿಂಗೋಡೆಯ ಆಚೆ ಹೋಗಿ ಕೂತಳು.

ಸಾಹೇಬರು ಒಳಗೆ ಬಂದರು, ಹಿಂದೆ ಹೆಡ್‌ಮಾಸ್ತರರು, ಅವರ ಹಿಂದೆ ನಮ್ಮ ಮಾಸ್ತರರು. ನಮ್ಮ ಮಾಸ್ತರರು ಬಾಗಿಲಲ್ಲೇ ನಿಂತು ಮೊದಲು ಜಮಖಾನ ನೋಡಿದರು, ಆಮೇಲೆ ಮುಖ ಮುಖ ನೋಡುತ್ತ ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದರು. ಅವರು ಬಾಯಿ ತೆರೆಯುವ ಮೊದಲೇ ಸಾಹೇಬರು ಹಾಜರಿ ಪುಸ್ತಕ ಎತ್ತಿಕೊಂಡು ತಾವೇ ಹೆಸರು ಕರೆಯತೊಡಗಿದರು. ಇದು ನನ್ನ ಎಣಿಕೆಯಲ್ಲಿ ಇರಲಿಲ್ಲ. ಖಾಜಾ ಮಾತ್ರ ತಡಮಾಡಲಿಲ್ಲ. ಹಿಂದೆ ಹೋದ ಹುಡುಗನೊಬ್ಬನ ಹೆಸರು ಬಂದಾಗ ಎದ್ದು ಹಾಜರ್ ಎಂದ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಹುಲಿಗೆಮ್ಮ ಎಂದಾಗ ಪೋಸ್ಟ್ ಮಾಸ್ತರರ ಮಗಳು ಎದ್ದು ನಿಂತು ಹಾಜರ್ ಸರ್ ಎಂದಳು.

ಹುಡುಗಿಯರಲ್ಲಿ ಗಣಿತ ಯಾರಿಗೂ ಬರುವುದಿಲ್ಲ ಎಂದು ಎಲ್ಲ ಶಾಲೆಗಳಲ್ಲೂ ಹೇಳುತ್ತಾರೆ ಎನ್ನುತ್ತ ಸಾಹೇಬರು ಅವಳನ್ನೇ ಬೋರ್ಡಿಗೆ ಕರೆದರು. ಹದಿನೆಂಟು ಫೂಟು ಉದ್ದ, ಹನ್ನೆರಡು ಫೂಟು ಅಗಲದ ಕೋಣೆಯ ನೆಲಕ್ಕೆ ಒಂದೂವರೆ ಫೂಟಿನ ಚೌಕ ಕಲ್ಲು ಎಷ್ಟು ಬೇಕು ಎಂದರು. ಅವಳು ಬರೆದು ತೊಂಬತ್ತಾರು ಎಂದು ಮುಗಿಸಿದಳು. ಆಮೇಲೆ ಇಂಗ್ಲಿಷ್ ಓದಲು ನನ್ನನ್ನು ಎಬ್ಬಿಸಿದರು. ಅವರೇ ಪುಸ್ತಕ ತೆರೆದು ನಾನು ಎಂದೂ ನೋಡದ ಒಂದು ಪುಟ ಕೊಟ್ಟರು. ನಾನು ಓದಿದೆ. ಶಬ್ದ ಶಬ್ದವಾಗಿ, ಎರಡು ಕಡೆ ತಡೆದು, ಆದರೆ ಓದಿದೆ. ಆ ಕೋಣೆಯಲ್ಲಿ ಅವತ್ತು ನಿಜವಾಗಿದ್ದದ್ದು ಅದೊಂದೇ. ಸಾಹೇಬರು ಬೆನ್ನು ತಟ್ಟಿದರು. ಅಷ್ಟು ಸಂತೋಷವಾದ ಇನ್ನೊಂದು ದಿನ ನನ್ನ ಆಯುಷ್ಯದಲ್ಲಿ ಇಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಅದು ಖರೆ.

ಸಾಹೇಬರು ಹೊರಗೆ ಹೋಗುತ್ತ ನಮ್ಮ ಮಾಸ್ತರರನ್ನು ನಗುತ್ತಲೇ ಕೇಳಿದರು.

"ಇಷ್ಟು ಹುಷಾರ್ ಮಕ್ಕಳಿಗೆ ಈ ಕ್ಲಾಸ್ ಯಾಕ್ರೀ?"

ಮಾಸ್ತರರು ನಮ್ಮ ಕಡೆ ನೋಡಿದರು. ಒಂಬತ್ತು ಮಕ್ಕಳು ಸುಳ್ಳು ಹಾಜರಿ ಹೇಳಿದ್ದಾರೆ ಎಂದು ಸಾಹೇಬರ ಮುಂದೆ ಅವರು ಹೇಗೆ ಹೇಳಿಯಾರು? ಹೆಡ್‌ಮಾಸ್ತರರು ಎಲ್ಲ ಗುರುತಿಸಿಯೂ, ಶಾಲೆಗೆ ಬಂದ ಹೆಸರು ಹೋಗಬಾರದೆಂದು ಚಹಾಕ್ಕೆ ಅವಸರ ಮಾಡಿದರು.

ಹದಿನೈದು ದಿನಕ್ಕೆ ಕಾಗದ ಬಂತು. ಇಲ್ಲಿಯ ಮಕ್ಕಳ ಮಟ್ಟ ತೃಪ್ತಿಕರವಾಗಿದೆ, ವಿಶೇಷ ತರಗತಿಯನ್ನು ಇದಕ್ಕಿಂತ ಹಿಂದುಳಿದ ಬೇರೆ ಶಾಲೆಗೆ ಕೊಡಲಾಗಿದೆ, ಮಾಸ್ತರರು ಕೂಡಲೇ ಅಲ್ಲಿಗೆ ಹೋಗತಕ್ಕದ್ದು. ಮಾಸ್ತರರು ತಪ್ಪು ತಮ್ಮದೇ ಎಂದು ಸಾಹೇಬರಿಗೆ ಬರೆದು ಹಾಕಿದರು, ತಾವೇ ರಾಯಚೂರಿಗೂ ಹೋಗಿ ಬಂದರು. ಒಮ್ಮೆ ಬೇರೆ ಶಾಲೆಗೆ ಬರೆದದ್ದು ವಾಪಸು ಬರುವುದಿಲ್ಲ ಎಂದು ಅಲ್ಲಿಯವರು ಅಂದರಂತೆ. ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳು ಇತ್ತು.

ಅವರು ಹೋಗುವ ದಿನ ಟ್ರಂಕು ನಾನೇ ಹೊತ್ತು ಬಸ್ಸಿನವರೆಗೆ ಹೋದೆ. ಹಾದಿಯುದ್ದಕ್ಕೂ ಅವರು ಬಯ್ಯಲಿ ಎಂದು ಕಾದೆ. ಕಂಡಕ್ಟರ್ ಸೀಟಿ ಹೊಡೆದ ಮೇಲೆ, ಕಿಟಕಿಯಿಂದ ಹೇಳಿದರು.

"ಅವತ್ತ ನೀ ಓದಿದ್ದು ಚೊಲೊ ಇತ್ತು. ಹುಲಿಗೆಮ್ಮಗ ಇನ್ನ ನಾಕು ಪಾಠ ಉಳದಾವ. ನಿಮಗ ತಿಳಿದಷ್ಟು ಕೂಡಿ ಮಾಡ್ರಿ."

ಕೂಡಿ ಮಾಡಲು ಕೂತೆವು. ದಿನಾ ಬೆಳಿಗ್ಗೆ ಏಳಕ್ಕೆ ಅದೇ ಕೋಣೆ, ಅದೇ ಗೋಣಿ, ಇಬ್ಬರೇ. ಅವಳ ನೋಟ್‌ಬುಕ್ಕಿನಲ್ಲಿ ಮಾಸ್ತರರು ಹಾಕಿಕೊಟ್ಟ ಲೆಕ್ಕದವರೆಗೆ ಸಾಗಿತು. ಮುಂದಿನ ಪಾಠದ ಮೊದಲ ಲೆಕ್ಕವೇ ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ಖಾಜಾನನ್ನು ಕರೆದರೆ ಅವನು ತಾನೇ ಸರಸರ ಬರೆದು ಎದ್ದುಹೋದ. ಅವನಿಗೆ ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. ಎರಡರ ಮಗ್ಗಿಯಿಂದ ಶುರು ಮಾಡುವವರು ಊರಲ್ಲಿ ಯಾರೂ ಇರಲಿಲ್ಲ. ನಾಲ್ಕನೆಯ ದಿನ ಹುಲಿಗೆಮ್ಮ ಪುಸ್ತಕ ಮುಚ್ಚಿದಳು.

ದೇವದುರ್ಗದಲ್ಲಿ ಪರೀಕ್ಷೆ ಬರೆದೆವು. ಗೋಣಿ ಕ್ಲಾಸಿನಲ್ಲಿ ಮೂವರು ಪಾಸಾದರು. ನಾನು ಇಂಗ್ಲಿಷಿನಲ್ಲಿ ದಾಟಿದೆ, ಗಣಿತದಲ್ಲಿ ಹೋದೆ. ಹುಲಿಗೆಮ್ಮ ಎಲ್ಲದರಲ್ಲೂ ದಾಟಿ ಗಣಿತದಲ್ಲಿ ಏಳು ಅಂಕಕ್ಕೆ ಹೋದಳು. ನಾನು ರಾಯಚೂರಿಗೆ ಹೊರಟ ದಿನ ಅವಳು ತನ್ನ ನೋಟ್‌ಬುಕ್ಕು ತಂದು ನನ್ನ ಚೀಲದಲ್ಲಿಟ್ಟಳು.

"ಅಕ್ಟೋಬರಕ್ಕ ಕೂಡಾಂವ ಅಲ್ಲ ನೀ? ಖಾಲಿ ಪುಟ ಭಾಳ ಅದಾವ, ತಗೋ."

ಫೇಲಾದವನೆಂದು ಮತ್ತೆ ಆ ಪರೀಕ್ಷೆಯ ಹಾಲಿನಲ್ಲಿ ಹೋಗಿ ಕೂಡಲು ನನಗೆ ಮನಸ್ಸಾಗಲಿಲ್ಲ. ಶ್ರಾವಣದಲ್ಲಿ ಊರಿಗೆ ಬಂದಾಗ ದುರ್ಗಪ್ಪನ ಮನೆಯ ಮುಂದೆ ಅವಳವ್ವ ಜಮಖಾನ ಝಾಡಿಸುತ್ತಿದ್ದಳು. ಹಿರೇಕೊಟ್ನೆಕಲ್ ಊರಿನ ಗಂಡಿನ ಕಡೆಯವರು ಬಂದು ಹುಲಿಗೆಮ್ಮನನ್ನು ನೋಡಿ ಒಪ್ಪಿ ಹೋಗಿದ್ದರು. ದುರ್ಗಪ್ಪ ಆಡಿದ ಮಾತಿಗೆ ತಪ್ಪಲಿಲ್ಲ.

ಏಳು ವರ್ಷದ ಮೇಲೆ, ನಾನು ಸ್ವಂತ ಕೆಲಸ ಹಿಡಿಯುವಷ್ಟು ಮೇಸ್ತ್ರಿಯಾಗಿದ್ದಾಗ, ಹಿರೇಕೊಟ್ನೆಕಲ್‌ನಲ್ಲಿ ಒಬ್ಬ ವ್ಯಾಪಾರಸ್ಥರ ಮನೆ ಕಟ್ಟುತ್ತಿದ್ದೆ. ಗಾರೆಯ ಪುಟ್ಟಿ ಹೊರಲು ಬಂದ ಹೆಣ್ಣುಮಕ್ಕಳಲ್ಲಿ ಹುಲಿಗೆಮ್ಮನೂ ಇದ್ದಳು. ನೋಡಿ ನಕ್ಕಳು, ಪುಟ್ಟಿ ಹೊತ್ತಳು. ನೆಲ ಹಾಸುವ ದಿನ ನಾನು ಶಹಾಬಾದ್ ಕಲ್ಲು ಎಷ್ಟು ತರಿಸಬೇಕೆಂದು ಸಿಮೆಂಟ್ ಚೀಲದ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೊಂದು ಫೂಟು ಉದ್ದ, ಹದಿನೈದು ಫೂಟು ಅಗಲ, ಒಂದೂವರೆ ಫೂಟಿನ ಕಲ್ಲು. ಪುಟ್ಟಿ ಹೊತ್ತವಳು ನನ್ನ ಹಿಂದಿನಿಂದ ದಾಟುತ್ತ, ನಿಲ್ಲದೆ, ನೂರಾ ನಲವತ್ತು ಎಂದು ಹೇಳಿ ಹೋದಳು. ನಾನು ಬರೆದು ನೋಡಿದೆ. ನೂರಾ ನಲವತ್ತೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಹತ್ತಿರ ಹೋಗಿ, ಅವತ್ತು ನಾನು ಮಾಡಿದ್ದು ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬರೀ ಕೂಲಿಯ ಮಾತು. ಅವಳೇ ರೊಟ್ಟಿ ಮುರಿಯುತ್ತ ಹೇಳಿದಳು.

"ಅವತ್ತ ಸಾಹೇಬ್ರು ನನ್ನ ಹೆಸರು ಕರದಾಗ ಗ್ವಾಡಿ ಹಿಂದ ನಾನೂ ಹಾಜರ್ ಅಂದಿದ್ನಿ. ತೊಂಬತ್ತಾರೂ ಅಂದಿದ್ನಿ. ಯಾರಿಗೂ ಕೇಳಸಲಿಲ್ಲ."

ಅಷ್ಟೇ ಹೇಳಿ ನೀರು ಕುಡಿದು ಎದ್ದಳು. ಮರುದಿನವೂ ಬಂದಳು. ನೆಲ ಹಾಸಿ ಮುಗಿಯುವ ತನಕ ಬಂದಳು. ಆಮೇಲೆ ನಾನು ಆ ಊರಿನಲ್ಲಿ ಕೆಲಸ ಹಿಡಿಯಲಿಲ್ಲ. ಅವಳು ಈಗ ಇಲ್ಲವೆಂದು ಮೂರು ವರ್ಷ ತಡವಾಗಿ ನನಗೆ ತಿಳಿಯಿತು.

ಶಾಲೆಯ ಆ ಹೊಸ ಕೋಣೆಯ ನೆಲಕ್ಕೆ ನಾನೇ ಮೊಣಕಾಲೂರಿ ಕೂತು ಕಲ್ಲು ಹಾಸಿದೆ. ಅಲ್ಲಿ ಗೋಣಿ ಬೇಡ, ಜಮಖಾನವೂ ಬೇಡ.

ಈಗ ನನ್ನ ಹತ್ತಿರ ಇರುವುದು ಇಷ್ಟು. ದೇವದುರ್ಗದಲ್ಲಿ ಮೂರು ಕೋಣೆಯ ಮನೆ, ಗೋಡೆ ನಾನೇ ಕಟ್ಟಿದ್ದು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮಾನ್ವಿಯಲ್ಲಿ ಟೀಚರಾಗಿರುವ ಒಬ್ಬ ಮಗಳು. ಗಾರೆ ಬಳಿಯುವ ಎರಡು ಕರಣಿ, ಗೋಡೆಯ ನೇರ ನೋಡುವ ಒಂದು ಗುಂಡು. ಇಂಗ್ಲಿಷ್ ಪಾಸು, ಗಣಿತ ಫೇಲು ಎಂದಿರುವ ಒಂದು ಅಂಕಪಟ್ಟಿ. ಸರ್ಕಾರದ ಮುದ್ರೆ ಇರುವ ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಮೇಲೆ ಹುಲಿಗೆಮ್ಮನ ಹೆಸರು. ಬರೆದ ಪುಟ ಎಂಬತ್ತಮೂರು, ಖಾಲಿ ಪುಟ ನೂರ ಹದಿನೇಳು.